ಹೆಪ್ಪು ಕದಡಬಾರದು: ಬುದ್ಧಿಹಲ್ಲು ತೆಗೆಸಿದ ಮೇಲಿನ ಎಂಟು ದಿನ

(ರಜತ ಮಹೋತ್ಸವದ ಅಂಗವಾಗಿ ಗಂಜಾಂನಲ್ಲಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ರಜತ ಮಹೋತ್ಸವದ ಈ ಸುಸಂದರ್ಭದಲ್ಲಿ ಒಬ್ಬೊಬ್ಬ ನಿರ್ದೇಶಕರೂ ಸದಸ್ಯರಿಗೆ ಉಪಯೋಗವಾಗುವ ಒಂದೊಂದು ವಿಷಯ ಮಾತಾಡಬೇಕು ಅಂತ ತೀರ್ಮಾನವಾಯಿತು. ಹಸಿರು ಮೇವು ಒಬ್ಬರಿಗೆ ಬಂತು, ಕೆಚ್ಚಲು ಬಾವು ಇನ್ನೊಬ್ಬರಿಗೆ ಬಂತು. ನಾವು ಕೇಳಿ ತಗೊಂಡಿದ್ದು ಬುದ್ಧಿಹಲ್ಲಿನ ವಿಷಯ. ಒಂದಿಬ್ಬರು ನಕ್ಕರು. ಹಲ್ಲಿಗೂ ಹಾಲಿಗೂ ಏನು ಸಂಬಂಧ ಅಂದರು. ಸಂಬಂಧ ಇದೆ ಅಂತಲೇ ಈ ನಾಲ್ಕು ಮಾತು.

ನಮ್ಮದು ರಜೆ ಇಲ್ಲದ ಕಸುಬು. ಆಫೀಸಿನವರು ಹಲ್ಲು ತೆಗೆಸಿದರೆ ಅರ್ಜಿ ಬರೆದುಕೊಟ್ಟು ಮೂರು ದಿನ ಮನೆಯಲ್ಲಿ ಮಲಗುತ್ತಾರೆ. ಹಸುವಿಗೆ ಅರ್ಜಿ ಕೊಡೋಕಾಗುತ್ತದೆಯೇ? ಇತ್ತೀಚಿನ ವರ್ಷಗಳಲ್ಲಿ ನಮ್ಮ ಸದಸ್ಯರ ಮನೆಗಳಲ್ಲೇ ಐದಾರು ಜನ ಬುದ್ಧಿಹಲ್ಲು ತೆಗೆಸಿದ್ದಾರೆ. ಅವರಲ್ಲಿ ನಾವೂ ಒಬ್ಬರು. ತೆಗೆಸಿದ ದಿನ ಯಾರಿಗೂ ಅಷ್ಟು ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಮೂರನೇ ದಿನ, ನಾಲ್ಕನೇ ದಿನ, ಅದೂ ಕೆಲವರಿಗೆ ಮಾತ್ರ. ಆದ್ದರಿಂದ ಹಲ್ಲು ಕೀಳುವುದರ ಬಗ್ಗೆ ನಾವು ಹೆಚ್ಚು ಹೇಳುವುದಿಲ್ಲ, ಅದು ಡಾಕ್ಟರ ಕೆಲಸ. ಕಿತ್ತ ಮೇಲೆ ಗಾಯ ಮಾಯಿಸೋದು ನಮ್ಮ ಕೆಲಸ, ನಮ್ಮ ಮನೆಯವರ ಕೆಲಸ. ನಾವು ಎಸ್.ಎಸ್.ಎಲ್.ಸಿ. ಓದಿದವರು, ವೈದ್ಯರಲ್ಲ. ಡಾಕ್ಟರು ಕೂರಿಸಿಕೊಂಡು ಬಿಡಿಸಿ ಹೇಳಿದ್ದನ್ನು, ನಾವು ಪುಸ್ತಕ ನೋಡಿ ತಿಳಿದದ್ದನ್ನು, ನಮ್ಮ ಮೈಮೇಲೆ ಅನುಭವಿಸಿದ್ದನ್ನು ನಮ್ಮ ಭಾಷೆಯಲ್ಲಿ ತಮ್ಮ ಮುಂದೆ ಇಡುತ್ತೇವೆ.

ಮೊದಲು ಬುದ್ಧಿಹಲ್ಲು ಅಂದರೆ ಏನು ಅಂತ ನೋಡೋಣ. ಮೂವತ್ತೆರಡು ಹಲ್ಲಿನಲ್ಲಿ ಕೊನೆಗೆ ಬರೋ ನಾಲ್ಕು ದವಡೆ ಹಲ್ಲು ಇವು. ಸಾಮಾನ್ಯವಾಗಿ 17ರಿಂದ 25 ವರ್ಷದ ಒಳಗೆ ಹುಟ್ಟುತ್ತವೆ. ಬುದ್ಧಿ ಬರೋ ವಯಸ್ಸಿನಲ್ಲಿ ಬರುತ್ತವೆ ಅಂತ ಆ ಹೆಸರು. ಕೊನೆಗೆ ಬಂದ ನೆಂಟನಿಗೆ ಜಗುಲಿಯಲ್ಲಿ ಜಾಗ ಇಲ್ಲ ಅನ್ನೋ ಹಾಗೆ, ಎಷ್ಟೋ ಜನಕ್ಕೆ ದವಡೆಯಲ್ಲಿ ಇವಕ್ಕೆ ಸ್ಥಳ ಇರುವುದಿಲ್ಲ. ಆಗ ಹಲ್ಲು ಓರೆಯಾಗಿ ಬರುತ್ತದೆ, ಇಲ್ಲವೇ ಅರ್ಧ ಮೂಳೆಯೊಳಗೆ, ಅರ್ಧ ವಸಡಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಮೇಲೆ ಮುಚ್ಚಿರುವ ವಸಡಿನ ತುಣುಕಿನ ಸಂದಿಗೆ ಅನ್ನದ ಅಗುಳು ಸೇರಿ ಕೊಳೆತು ಬಾವು ಬರುತ್ತದೆ. ಬಾಯಿ ತೆರೆಯೋಕಾಗೋದಿಲ್ಲ, ಕಿವಿವರೆಗೆ ಎಳೆತ. ಪಕ್ಕದ ಒಳ್ಳೆ ಹಲ್ಲೂ ಹುಳುಕಾಗುತ್ತದೆ. ಹಾಗಂತ ಎಲ್ಲರೂ ತೆಗೆಸಬೇಕಾಗಿಲ್ಲ. ತೊಂದರೆ ಕೊಡದೆ ಸುಮ್ಮನಿರುವ ಬುದ್ಧಿಹಲ್ಲನ್ನು ಮುಂಜಾಗ್ರತೆ ಅಂತ ಕೀಳುವುದು ಬೇಡ ಎಂದು ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸಂಸ್ಥೆ 2000ನೇ ಇಸವಿಯಲ್ಲೇ ಸೂಚನೆ ಕೊಟ್ಟಿದೆ. ತೊಂದರೆ ಕೊಡುತ್ತಿದ್ದರೆ ಮಾತ್ರ ಎಕ್ಸ್‌ರೇ ತೆಗೆಸಿ, ಡಾಕ್ಟರು ಬೇಕೆಂದರೆ ತೆಗೆಸಬೇಕು.

ಹೆದರಿಕೆಯ ವಿಷಯ ಒಂದು ಮಾತು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗ್ತದೆ ಅನ್ನೋ ಮಾತು ನಮ್ಮ ಕಡೆ ಇವತ್ತಿಗೂ ಇದೆ. ಅದು ಸುಳ್ಳು. ಕಣ್ಣಿನ ನೋಟದ ನರವೇ ಬೇರೆ, ಹಲ್ಲಿನ ನರವೇ ಬೇರೆ. ಇನ್ನು ನೋವಿನ ಭಯ. ಲಿಡೊಕೇನ್ ಅನ್ನೋ ಮರಗಟ್ಟಿಸುವ ಔಷಧವನ್ನು 1943ರಲ್ಲಿ ಸ್ವೀಡನ್ ದೇಶದ ನಿಲ್ಸ್ ಲೋಫ್‌ಗ್ರೆನ್ ಎಂಬುವರು ಕಂಡುಹಿಡಿದರು. ಇವತ್ತು ಸೂಜಿ ಚುಚ್ಚಿದ ಚುಚ್ಚು ಒಂದು ಗೊತ್ತಾಗುತ್ತದೆ, ಆಮೇಲೆ ಒತ್ತಿದ ಹಾಗೆ, ಎಳೆದ ಹಾಗೆ ಅನ್ನಿಸುತ್ತದೆಯೇ ಹೊರತು ಕಿತ್ತ ನೋವು ಇರುವುದಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಕಲಿತ ದಂತವೈದ್ಯರೇ ದುರ್ಲಭ. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು ಶುರುವಾಗಿದ್ದು 1958ರಲ್ಲಿ, ಮೈಸೂರಿನ ಜೆ.ಎಸ್.ಎಸ್. ದಂತವೈದ್ಯ ಕಾಲೇಜು 1986ರಲ್ಲಿ. ಈಗ ನಮ್ಮ ಊರಿನಿಂದ ಮೈಸೂರಿಗೆ ಬಸ್ಸು ಹತ್ತಿದರೆ ಕೆಲಸ ಮುಗಿಸಿಕೊಂಡು ಸಂಜೆ ಹಾಲು ಕರೆಯೋ ಹೊತ್ತಿಗೆ ವಾಪಸ್ಸು ಬರಬಹುದು. ಅಪಾಯ ಇರೋದೂ ಅಲ್ಲೇ. ಸಂಜೆ ಬಂದವರು ನೇರ ಕೊಟ್ಟಿಗೆಗೆ ಹೋಗುತ್ತಾರೆ!

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಹಲ್ಲು ಕಿತ್ತ ಜಾಗದಲ್ಲಿ ಮೂಳೆಯ ನಡುವೆ ಒಂದು ಕುಳಿ ಆಗುತ್ತದೆ. ಅದರೊಳಗೆ ರಕ್ತ ತುಂಬಿ ಸ್ವಲ್ಪ ಹೊತ್ತಿಗೆ ಹೆಪ್ಪುಗಟ್ಟುತ್ತದೆ. ನಾವೆಲ್ಲ ಹಾಲಿನವರು, ಹೆಪ್ಪು ಅನ್ನೋ ಮಾತು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾತ್ರಿ ಹಾಲಿಗೆ ಹೆಪ್ಪು ಹಾಕಿ ಮುಚ್ಚಿಟ್ಟ ಮೇಲೆ ಮಡಕೆಯನ್ನು ಯಾರಾದರೂ ಅಲ್ಲಾಡಿಸುತ್ತಾರೆಯೇ? ಮಗು ಕೈ ಹಾಕಿದರೆ ಅಜ್ಜಿ ಗದರುತ್ತಾಳೆ. ಕದಡಿದರೆ ಮೊಸರು ಗಟ್ಟಿಯಾಗೋದಿಲ್ಲ, ನೀರೊಡೆಯುತ್ತದೆ. ಹಲ್ಲಿನ ಕುಳಿಯ ಹೆಪ್ಪೂ ಹಾಗೇನೇ. ಅದು ಹೊಲಸು ರಕ್ತ ಅಲ್ಲ, ಉಗಿದು ಚೊಕ್ಕಟ ಮಾಡುವ ವಸ್ತು ಅಲ್ಲ. ಕೆಳಗಿರುವ ಮೂಳೆಗೆ, ನರಕ್ಕೆ ಅದೇ ಮುಚ್ಚಳ. ಆ ಹೆಪ್ಪಿನೊಳಕ್ಕೇ ಹೊಸ ರಕ್ತನಾಳ ಬಂದು, ಹೊಸ ಮಾಂಸ ಬೆಳೆದು ಎರಡು ಮೂರು ವಾರಕ್ಕೆ ಮೇಲೆ ವಸಡು ಕೂಡಿಕೊಳ್ಳುತ್ತದೆ. ಒಳಗೆ ಮೂಳೆ ತುಂಬೋಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನಾವು ಹೇಳೋ ಎಲ್ಲಾ ನಿಯಮಕ್ಕೂ ಮೂಲ ಇದೊಂದೇ: ಹೆಪ್ಪು ಕದಡಬಾರದು.

ಮೊದಲನೇ ದಿನದ ಕ್ರಮ. ಡಾಕ್ಟರು ಇಟ್ಟ ಹತ್ತಿಬಟ್ಟೆಯನ್ನು ಅರ್ಧದಿಂದ ಒಂದು ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ನಿಮಿಷಕ್ಕೊಂದು ಸಲ ತೆಗೆದು ರಕ್ತ ನಿಂತಿತಾ ಅಂತ ನೋಡಬಾರದು. ಉಗುಳಬಾರದು, ನುಂಗಬೇಕು. ಇದು ನಮ್ಮ ಜನಕ್ಕೆ ಬಲು ಕಷ್ಟ, ಬಾಯಲ್ಲಿ ಕೆಂಪು ಕಂಡರೆ ಉಗಿಯೋದೇ ಅಭ್ಯಾಸ. ಎಂಜಲು ಒಂದು ದಿನ ಕೆಂಪಗೇ ಇರುತ್ತದೆ, ಅದು ಸಹಜ. ಮತ್ತೆ ರಕ್ತ ಜಾಸ್ತಿ ಬಂದರೆ ಶುಭ್ರವಾದ ಹತ್ತಿಬಟ್ಟೆಯನ್ನು ಒದ್ದೆ ಮಾಡಿ ಮಡಿಸಿ ಅರ್ಧ ಗಂಟೆ ಮತ್ತೆ ಕಚ್ಚಬೇಕು. ಅದಕ್ಕೂ ನಿಲ್ಲದಿದ್ದರೆ ಫೋನು ಮಾಡಬೇಕು. 24 ಗಂಟೆ ಬಾಯಿ ಮುಕ್ಕಳಿಸಬಾರದು. ನಾಲಿಗೆ, ಬೆರಳು, ಕಡ್ಡಿ ಹಾಕಿ ಕೆದಕಬಾರದು. ಕೊಳವೆ ಹಾಕಿ ಏನನ್ನೂ ಹೀರಬಾರದು. ಬರುವ ದಾರಿಯಲ್ಲಿ ಎಳನೀರು ಕುಡಿಯೋ ಆಸೆ ಇದ್ದರೆ ಲೋಟಕ್ಕೆ ಬಗ್ಗಿಸಿಸಿಕೊಂಡು ಕುಡಿಯಿರಿ. ಹೀರಿದಾಗ ಬಾಯೊಳಗೆ ಎಳೆತ ಹುಟ್ಟಿ ಹೆಪ್ಪು ಕಿತ್ತು ಬರಬಹುದು. ಊದುವುದೂ ಬೇಡ. ಸ್ನಾನದ ನೀರಿನ ಒಲೆ ಊದುಗೊಳವೆಯಿಂದ ಊದೋ ಮನೆಗಳು ಇನ್ನೂ ಇವೆ, ಆ ಕೆಲಸ ಬೇರೆಯವರಿಗೆ ಕೊಡಿ. ರಾತ್ರಿ ತಲೆದಿಂಬು ಒಂದಕ್ಕೆ ಎರಡು ಇಟ್ಟು ತಲೆ ಎತ್ತರಿಸಿ ಮಲಗಬೇಕು.

ಮರಗಟ್ಟಿದ್ದು ಬಿಡೋಕೆ ಕೆಲವು ಗಂಟೆ ಬೇಕು. ಅಲ್ಲಿವರೆಗೆ ಕೆನ್ನೆ, ತುಟಿ ಕಚ್ಚಿಕೊಂಡರೂ ಗೊತ್ತಾಗೋದಿಲ್ಲ, ಬಿಸಿ ಸುಟ್ಟರೂ ಗೊತ್ತಾಗೋದಿಲ್ಲ. ಹಾಗಾಗಿ ಬಿಸಿ ಕಾಫಿ ಬೇಡ. ನೋವಿನ ಮಾತ್ರೆಯ ಮೊದಲ ಸರದಿಯನ್ನು ಮರಗಟ್ಟಿದ್ದು ಪೂರಾ ಬಿಡುವ ಮುಂಚೆಯೇ ತಗೊಳ್ಳಿ ಅಂತ ಡಾಕ್ಟರು ಹೇಳಿದ್ದರು, ಅದು ನಮಗೆ ಬಹಳ ಅನುಕೂಲವಾಯಿತು. ನೋವು ಹತ್ತಿ ಕೂತ ಮೇಲೆ ಇಳಿಸೋದಕ್ಕಿಂತ ಹತ್ತೋಕೆ ಬಿಡದೆ ಇರೋದು ಸುಲಭ. ಹೊರಗಡೆ ಕೆನ್ನೆಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ಇಪ್ಪತ್ತು ನಿಮಿಷ ಇಡೋದು, ಅಷ್ಟೇ ಹೊತ್ತು ಬಿಡೋದು. ಇದು ಮೊದಲ ದಿನದ ಉಪಚಾರ.

ನಮ್ಮದು ಬಲಗಡೆಯ ಕೆಳಗಿನ ಹಲ್ಲು. ವಸಡು ಕೊಯ್ದು, ಸ್ವಲ್ಪ ಮೂಳೆ ತೆಗೆದು, ಹಲ್ಲನ್ನು ಎರಡು ತುಂಡು ಮಾಡಿ ತೆಗೆದು ಹೊಲಿಗೆ ಹಾಕಿದರು. ನಲವತ್ತು ದಾಟಿದವರಿಗೆ ಮೂಳೆ ಗಟ್ಟಿ, ಹುಡುಗರಷ್ಟು ಬೇಗ ಮಾಯೋದಿಲ್ಲ ಅಂತ ಮೊದಲೇ ಹೇಳಿದ್ದರು. ಎರಡನೇ ದಿನ ಬೆಳಿಗ್ಗೆ ಎದ್ದಾಗ ಕೆನ್ನೆ ಬನ್ನಿನ ಹಾಗೆ ಊದಿತ್ತು. ಮೂರನೇ ದಿನ ಇನ್ನೂ ಸ್ವಲ್ಪ ಜಾಸ್ತಿ. ಬಾಯಿ ಎರಡು ಬೆರಳಿನಷ್ಟೂ ತೆರೆಯಲಿಲ್ಲ. ನೋಡೋಕೆ ಬಂದವರೆಲ್ಲ ಕೆಟ್ಟುಹೋಯಿತು ಅಂದರು. ಆದರೆ ಕೆಟ್ಟಿರಲಿಲ್ಲ. ಬಾವು ಎರಡರಿಂದ ಮೂರನೇ ದಿನಕ್ಕೆ ಏರುವಷ್ಟು ಏರಿ ಆಮೇಲೆ ಇಳಿಯೋದೇ ಅದರ ಕ್ರಮ. ನಾಲೆಗೆ ನೀರು ಬಿಟ್ಟಾಗ ಹೇಗೆ ಒಂದು ಮಟ್ಟಕ್ಕೆ ಏರಿ ಆಮೇಲೆ ಇಳಿಯುತ್ತದೋ ಹಾಗೆ. ನಾಲ್ಕನೇ ದಿನದಿಂದ ಇಳಿಯಿತು. ಕೆನ್ನೆಯ ಮೇಲೆ ಹಳದಿ ನೀಲಿ ಕಲೆ ಇಳಿದು ಕತ್ತಿನವರೆಗೆ ಬಂತು, ಅದೂ ತಾನೇ ಹೋಯಿತು. ಏಳನೇ ದಿನ ಹೊಲಿಗೆ ಬಿಚ್ಚಿಸಿದೆವು. ಕೆಲವರಿಗೆ ಕರಗೋ ದಾರ ಹಾಕುತ್ತಾರೆ, ಅದನ್ನು ಬಿಚ್ಚಬೇಕಾಗಿಲ್ಲ. ಬಾಯಿ ಪೂರ್ತಿ ತೆರೆಯೋಕೆ ನಮಗೆ ಎರಡು ವಾರ ಹಿಡಿಯಿತು.

24 ಗಂಟೆ ಕಳೆದ ಮೇಲೆ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದ ಮೇಲೆಲ್ಲ ಬಾಯಲ್ಲಿ ತುಂಬಿಕೊಂಡು ತಲೆಯನ್ನು ಅತ್ತಿತ್ತ ವಾಲಿಸಬೇಕು. ಗಡಗಡ ಅಂತ ಮುಕ್ಕಳಿಸಿ ರಭಸವಾಗಿ ಉಗಿಯೋದಲ್ಲ, ಬಾಯಿ ತೆರೆದು ಸುಮ್ಮನೆ ಬೀಳಿಸಬೇಕು. ಉಳಿದ ಹಲ್ಲುಗಳನ್ನು ಮೆತ್ತಗೆ ಉಜ್ಜಬೇಕು. ನೋವು ಅಂತ ಎಂಟು ದಿನ ಹಲ್ಲುಜ್ಜದೆ ಬಿಟ್ಟರೆ ಗಾಯಕ್ಕೆ ಕೊಳೆ ನಾವೇ ಹತ್ತಿಸಿದ ಹಾಗೆ.

ಊಟದ ವಿಷಯ ತಾಯಂದಿರು ಗಮನವಿಟ್ಟು ಕೇಳಬೇಕು. ಈ ವಿಷಯದಲ್ಲಿ ಮಂಡ್ಯ ಜಿಲ್ಲೆಯವರು ಪುಣ್ಯವಂತರು. ಮುದ್ದೆ ಅಗಿಯೋ ಪದಾರ್ಥ ಅಲ್ಲ, ನುಂಗೋ ಪದಾರ್ಥ! ಆದರೆ ಒಲೆಯಿಂದ ಇಳಿಸಿದ ಮುದ್ದೆಯನ್ನು ಉರಿಯೋ ಉಪ್ಸಾರು ಖಾರದಲ್ಲಿ ಅದ್ದಿ ನುಂಗಿದರೆ ಆಗುವುದಿಲ್ಲ. ಮೊದಲ ದಿನ ತಣ್ಣಗಿನ ಮಜ್ಜಿಗೆ, ರಾಗಿ ಅಂಬಲಿ, ಗಂಜಿ. ಎರಡನೇ ದಿನದಿಂದ ಕಿವುಚಿದ ಮೊಸರನ್ನ, ಮೆತ್ತಗಿನ ಮುದ್ದೆಗೆ ಖಾರ ಇಲ್ಲದ ಬೇಳೆ ಕಟ್ಟು, ಇಡ್ಲಿಯನ್ನು ಹಾಲಿನಲ್ಲಿ ನೆನೆಸಿದ್ದು, ಬಾಳೆಹಣ್ಣು. ಎಲ್ಲಾ ಇನ್ನೊಂದು ಪಕ್ಕದಲ್ಲಿ. ಬೇಡದ್ದು ಯಾವುದೆಂದರೆ ಕೋಡುಬಳೆ, ಹುರಿಗಾಳು, ಕಡಲೆಕಾಯಿ, ಎಳ್ಳು, ಮದ್ದೂರು ವಡೆ. ಇವುಗಳ ಚೂರು ಕುಳಿಯೊಳಗೆ ಇಳಿದು ಕೂರುತ್ತದೆ. ಕಬ್ಬು ಸಿಗಿಯೋದಂತೂ ತಿಂಗಳ ಮೇಲಿನ ಮಾತು. ಸಂಕ್ರಾಂತಿ ಹಿಂದೆ ಮುಂದೆ ಹಲ್ಲು ತೆಗೆಸಿದವರು ಎಳ್ಳುಬೆಲ್ಲವನ್ನು ಬೀರಲಿ, ತಿನ್ನೋದು ಬೇಡ. ಸಕ್ಕರೆ ಕಾಯಿಲೆ ಇರುವವರು ನೋವು ಅಂತ ಉಪವಾಸ ಇದ್ದು ಮಾತ್ರೆ ಮಾತ್ರ ನುಂಗಿದರೆ ತಲೆಸುತ್ತಿ ಬೀಳುತ್ತಾರೆ. ಮೆತ್ತಗಿನದನ್ನು ಹೊತ್ತು ಹೊತ್ತಿಗೆ ತಿನ್ನಲೇಬೇಕು.

ಇಷ್ಟು ನೋಡಿಕೊಂಡರೆ ಬಹಳ ಜನಕ್ಕೆ ವಾರದಲ್ಲಿ ಸರಿಹೋಗುತ್ತದೆ. ಹೆಪ್ಪು ಕಿತ್ತುಹೋದರೆ ಏನಾಗುತ್ತದೆ ಅನ್ನೋದನ್ನೂ ಹೇಳಬೇಕು. ಇಂಗ್ಲಿಷಿನಲ್ಲಿ ಡ್ರೈ ಸಾಕೆಟ್ ಅಂತಾರೆ, ನಾವು ಒಣಕುಳಿ ಅನ್ನೋಣ. 1896ರಲ್ಲಿ ಕ್ರಾಫರ್ಡ್ ಎಂಬ ದಂತವೈದ್ಯರು ಇದನ್ನು ಮೊದಲು ಬರೆದಿಟ್ಟರು. ಮುಚ್ಚಳ ಹೋದ ಮೇಲೆ ಮೂಳೆ ಬಯಲಾಗುತ್ತದೆ. ಗಾಳಿ, ನೀರು, ಅನ್ನ ತಗುಲಿದರೆ ಜೀವ ಹೋದ ಹಾಗೆ ಆಗುತ್ತದೆ. ಗುರುತು ಏನೆಂದರೆ ಮೊದಲೆರಡು ದಿನ ಚೆನ್ನಾಗಿದ್ದು ಮೂರನೇ ನಾಲ್ಕನೇ ದಿನ ನೋವು ಇಳಿಯೋ ಬದಲು ಏರುತ್ತದೆ, ಕಿವಿಗೆ, ಕಪಾಲಕ್ಕೆ ಹೊಡೆಯುತ್ತದೆ, ಬಾಯಿ ನಾರುತ್ತದೆ, ಮಾತ್ರೆಗೆ ಬಗ್ಗೋದಿಲ್ಲ. ಸಾಧಾರಣ ಹಲ್ಲು ಕಿತ್ತಾಗ ಇದು ನೂರಕ್ಕೆ ಒಂದರಿಂದ ಐದು ಜನಕ್ಕೆ ಆಗುತ್ತದೆ. ಕೆಳಗಿನ ಬುದ್ಧಿಹಲ್ಲನ್ನು ಕೊಯ್ದು ತೆಗೆದಾಗ ಅದಕ್ಕಿಂತ ಬಹಳ ಜಾಸ್ತಿ, ಕೆಲವು ಲೆಕ್ಕದಲ್ಲಿ ನೂರಕ್ಕೆ 30ರವರೆಗೂ ಇದೆ. ಆದರೆ ಹೆದರಬೇಕಾಗಿಲ್ಲ. ಡಾಕ್ಟರ ಹತ್ತಿರ ವಾಪಸ್ಸು ಹೋದರೆ ಕುಳಿ ತೊಳೆದು ಔಷಧದ ಬತ್ತಿ ಇಡುತ್ತಾರೆ, ನೋವು ಬೇಗ ಇಳಿಯುತ್ತದೆ. ಹೋಗದೆ ಹಲ್ಲು ಕಚ್ಚಿ ಕೂತರೆ ವಾರಗಟ್ಟಲೆ ನರಳಬೇಕು.

ನಮ್ಮ ಸಂಘಕ್ಕೆ ಹಾಲು ಹಾಕುವ ಒಬ್ಬ ತಾಯಿ ಬುದ್ಧಿಹಲ್ಲು ತೆಗೆಸಿ ಬಂದ ಸಂಜೆಯೇ ಎರಡು ಹಸು ಕರೆದರು. ಮನೆಯಲ್ಲಿ ಬೇರೆ ಕೈ ಇರಲಿಲ್ಲ. ಮಾರನೇ ದಿನ ಬಗ್ಗಿ ಸಗಣಿ ಬಾಚಿದರು, ಮೇವಿನ ಹೊರೆ ಹೊತ್ತರು, ಒಲೆ ಊದಿದರು. ಊದಿದ ಮುಖಕ್ಕೆ ಸೆರಗು ಸುತ್ತಿಕೊಂಡು ಸಾಲಿನಲ್ಲಿ ನಿಂತಿದ್ದನ್ನು ತಾವೂ ನೋಡಿರಬಹುದು. ನಾಲ್ಕನೇ ದಿನ ನೋವು ತಡೆಯಲಾರದೆ ಮತ್ತೆ ಮೈಸೂರಿಗೆ ಹೋದರು. ಅದೇ ಒಣಕುಳಿ. ಹೋಗಿ ಬರೋ ಖರ್ಚು, ಮತ್ತೆ ಎರಡು ಸಲ ಬತ್ತಿ ಬದಲಾಯಿಸುವ ಖರ್ಚು, ಒಂದು ವಾರ ಊಟ ನಿದ್ದೆ ಇಲ್ಲ. ಮೂರು ದಿನದ ಆರಾಮ ಉಳಿಸೋಕೆ ಹೋಗಿ ಹತ್ತು ದಿನ ಹೋಯಿತು. ಬಗ್ಗಿ ದುಡಿದರೆ, ಭಾರ ಎತ್ತಿದರೆ ತಲೆಗೆ ರಕ್ತದ ಒತ್ತಡ ಏರಿ ಗಾಯ ಮತ್ತೆ ಒಸರಬಹುದು. ಎರಡು ಮೂರು ದಿನ ಪೂರಾ ವಿಶ್ರಾಂತಿ, ಆಮೇಲೆ ಹಗುರ ಕೆಲಸ, ಭಾರದ ಕೆಲಸ ಒಂದು ವಾರ ಬೇಡ. ಇದು ಗಂಡಸರಿಗೆ ಎಷ್ಟೋ ಹೆಂಗಸರಿಗೂ ಅಷ್ಟೇ. ಮೈ ಎರಡೂ ಒಂದೇ ರಕ್ತದ್ದು.

ಇನ್ನೊಂದು ದೊಡ್ಡ ಶತ್ರು ಹೊಗೆಸೊಪ್ಪು. ಬೀಡಿ ಎಳೆಯೋದು ಹೀರಿದಂತೆಯೂ ಹೌದು, ಅದರ ವಿಷ ರಕ್ತನಾಳವನ್ನು ಬಿಗಿ ಮಾಡಿ ಗಾಯಕ್ಕೆ ರಕ್ತ ಬಾರದ ಹಾಗೆ ಮಾಡೋದೂ ಹೌದು. ಒಣಕುಳಿ ಬೀಡಿ ಸಿಗರೇಟು ಸೇದುವವರಿಗೆ ಹೆಚ್ಚು. ಕಡ್ಡಿಪುಡಿ ದವಡೆಗೆ ಒತ್ತರಿಸುವವರಂತೂ ವಿಷವನ್ನು ಗಾಯದ ಪಕ್ಕದಲ್ಲೇ ಇಟ್ಟ ಹಾಗೆ. ಹೊಗೆಸೊಪ್ಪು ಬೆರೆತ ಗುಟ್ಕಾವನ್ನು ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧ ಮಾಡಿದ್ದಾರೆ, ಆದರೂ ನಮ್ಮ ಹುಡುಗರ ಜೇಬಿನಲ್ಲಿ ಏನಿರುತ್ತದೆ ಅಂತ ತಮಗೆ ಗೊತ್ತು. ಟ್ರ್ಯಾಕ್ಟರು ಓಡಿಸೋ ಒಬ್ಬ ಹುಡುಗ ಎಂಟು ದಿನ ಬಾಯಿಗೆ ಏನೂ ಹಾಕದೆ ಇದ್ದು, ಎಂಟು ದಿನ ಇದ್ದವನು ಎಂಬತ್ತು ದಿನ ಇರಲಾರೆನೇ ಅಂತ ಬಿಟ್ಟೇಬಿಟ್ಟ. ಇಂಥವನಿಗೆ ನಾವೆಲ್ಲ ಬೆನ್ನು ತಟ್ಟಬೇಕು. ಹೆಂಡ ಸಾರಾಯಿಯನ್ನೂ ಆ ವಾರ ದೂರ ಇಡಬೇಕು, ಮಾತ್ರೆಗೂ ಅದಕ್ಕೂ ಆಗಿಬರೋದಿಲ್ಲ.

ಮನೆಮದ್ದಿನ ಬಗ್ಗೆ ಹಿರಿಯರು ಬೇಸರ ಮಾಡಿಕೊಳ್ಳಬಾರದು. ಹಸಿಗಾಯದೊಳಕ್ಕೆ ಸುಣ್ಣ, ಕಾಫಿಪುಡಿ, ಅರಿಶಿನ, ಜಜ್ಜಿದ ಲವಂಗ ತುಂಬೋದು ಬೇಡ. ಡಾಕ್ಟರು ಇಡುವ ಬತ್ತಿಯಲ್ಲಿ ಲವಂಗದೆಣ್ಣೆಯ ಸತ್ವ ಇರುವುದುಂಟು, ನಿಜ. ಆದರೆ ಅವರು ಕುಳಿ ತೊಳೆದು ಅಳತೆಯಲ್ಲಿ ಇಡುತ್ತಾರೆ. ನೋವಿನ ಮಾತ್ರೆಯನ್ನು ವಸಡಿನ ಮೇಲೆ ಇಟ್ಟುಕೊಂಡರೆ ಅದು ವಸಡನ್ನು ಸುಡುತ್ತದೆ, ಹೊಟ್ಟೆಗೇ ಹೋಗಬೇಕು. ಆಂಟಿಬಯಾಟಿಕ್ ಎಲ್ಲರಿಗೂ ಬೇಕಾಗುವುದಿಲ್ಲ. ಬರೆದುಕೊಟ್ಟರೆ ಹೇಳಿದಷ್ಟು ದಿನ ಪೂರಾ ನುಂಗಬೇಕು, ಬರೆಯದಿದ್ದರೆ ಅಂಗಡಿಯಲ್ಲಿ ಕೇಳಿ ತರಬಾರದು.

ಹಲ್ಲು ತೆಗೆಸೋಕೆ ಹೋಗುವ ಮುಂಚೆಯೇ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕಾದ್ದೂ ಇದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ, ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು, ಬಸುರಿ, ಯಾವ ಔಷಧ ಒಗ್ಗೋದಿಲ್ಲ, ಇವೆಲ್ಲ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ತಾವೇ ನಿಲ್ಲಿಸಬಾರದು, ನಿಲ್ಲಿಸಿದರೆ ಹೃದಯಕ್ಕೆ ಅಪಾಯ. ಹೇಳದೆ ಮುಚ್ಚಿಡಲೂಬಾರದು. ಹೆಣ್ಣುಮಕ್ಕಳು ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಬೇಕು, ಅವರಿಗೆ ಒಣಕುಳಿ ಸ್ವಲ್ಪ ಹೆಚ್ಚು. ಯಶಸ್ವಿನಿ ಯೋಜನೆ ನಮ್ಮ ಸಹಕಾರಿಗಳಿಗಾಗಿಯೇ 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಜಾರಿಗೆ ಬಂದಿದ್ದು. ಕಾರ್ಡು ಇರುವವರು ಯಾವ ಚಿಕಿತ್ಸೆ ಪಟ್ಟಿಯಲ್ಲಿದೆ, ಯಾವ ಆಸ್ಪತ್ರೆ ಸೇರಿದೆ ಅಂತ ಮುಂಚೆಯೇ ಕಾರ್ಯದರ್ಶಿಗಳನ್ನು ವಿಚಾರಿಸಿಕೊಳ್ಳಿ.

ಇನ್ನು ಯಾವುದಕ್ಕೆ ಕಾಯದೆ ಓಡಬೇಕು ಅನ್ನೋದು. ಮೂರು ದಿನ ಕಳೆದ ಮೇಲೂ ಬಾವು ಇಳಿಯದೆ ಏರಿದರೆ, ಚಳಿಜ್ವರ ಬಂದರೆ, ಕೀವು ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಮಾರನೇ ದಿನವೂ ತುಟಿ, ನಾಲಿಗೆ ಮರಗಟ್ಟಿದ ಹಾಗೇ ಇದ್ದರೆ ತಿಳಿಸಬೇಕು. ನರಕ್ಕೆ ಪೆಟ್ಟಾಗಿರಬಹುದು, ಬಹಳ ಮಂದಿಗೆ ಕೆಲವು ವಾರ ತಿಂಗಳಲ್ಲಿ ಸರಿಹೋಗುತ್ತದೆ. ಆದರೆ ನಾಲಿಗೆ ಕೆಳಗೆ, ಗದ್ದದ ಕೆಳಗೆ, ಕತ್ತಿಗೆ ಬಾವು ಇಳಿದು ಗಟ್ಟಿಯಾದರೆ, ಎಂಜಲು ನುಂಗೋಕಾಗದಿದ್ದರೆ, ಮಾತು ಗೊಗ್ಗರಾದರೆ, ಉಸಿರು ಕಟ್ಟಿದರೆ ಆಗ ದಂತವೈದ್ಯರಿಗೆ ಫೋನು ಮಾಡಿ ಕೂರೋ ಹೊತ್ತಲ್ಲ. 108ಕ್ಕೆ ಹೇಳಿ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಬೇಕು. ಕೆಳಗಿನ ಬುದ್ಧಿಹಲ್ಲಿನ ಬೇರು ದವಡೆಯಲ್ಲಿ ಆಳಕ್ಕೆ ಇರುವುದರಿಂದ ಅಲ್ಲಿಯ ಕೀವು ನೇರ ಕತ್ತಿನ ಕಡೆ ಇಳಿಯುತ್ತದೆ. 1836ರಲ್ಲಿ ಜರ್ಮನಿಯ ಲುಡ್‌ವಿಗ್ ಎಂಬ ವೈದ್ಯರು ಇದನ್ನು ವಿವರಿಸಿದಾಗ ಇಂಥವರು ಬದುಕೋದೇ ಅಪರೂಪವಾಗಿತ್ತು. ಈಗ ಔಷಧ ಇದೆ, ಹೊತ್ತಿಗೆ ಸರಿಯಾಗಿ ಹೋದರೆ ಉಳಿಯುತ್ತಾರೆ.

ಗಾಯ ಮಾಯೋಕೆ ಸುಮ್ಮನಿರಬೇಕು ಅನ್ನೋದು ಹೊಸ ಮಾತಲ್ಲ. ನಮ್ಮ ಶ್ರೀರಂಗಪಟ್ಟಣದ ಚರಿತ್ರೆಗೆ ಸೇರಿದ ಒಂದು ಪ್ರಸಂಗ ಇದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಜೊತೆ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠಿ ಮನುಷ್ಯ ಸೆರೆ ಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷ ಕಳೆದ ಮೇಲೆ ಪುಣೆ ಹತ್ತಿರ ಒಬ್ಬ ನಾಟಿ ವೈದ್ಯ ಅವನ ಹಣೆಯ ಚರ್ಮವನ್ನು ಬಿಡಿಸಿ ಇಳಿಸಿ ಹೊಸ ಮೂಗು ಮಾಡಿದ. ಅದನ್ನು ಕಂಡ ವೈದ್ಯರ ಮೂಲಕ ವಿಷಯ ಹೊರಗೆ ಬಂದು, 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರ ಸಮೇತ ಅಚ್ಚಾಯಿತು. ಇವತ್ತಿನ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆ ಹೇಳುವವರು ಈ ಎತ್ತಿನ ಗಾಡಿಯವನ ಹೆಸರು ಬಿಡುವುದಿಲ್ಲ. ಆ ಬರಹದಲ್ಲಿ ನಮಗೆ ಹಿಡಿಸಿದ್ದು ಕೊಯ್ದ ಚತುರತೆಗಿಂತ ಆಮೇಲಿನ ಕ್ರಮ. ಕಾಚನ್ನು ನೆನೆಸಿ ಬಟ್ಟೆಗೆ ಮೆತ್ತಿ ಹಾಕಿದ ಪಟ್ಟಿಯನ್ನು ನಾಲ್ಕು ದಿನ ತೆಗೆಯುವಂತಿಲ್ಲ. ಆಮೇಲೆ ತುಪ್ಪದ ಬಟ್ಟೆ. ಐದಾರು ದಿನ ಅಂಗಾತ ಮಲಗಿಯೇ ಇರಬೇಕು. ಹಣೆಯಿಂದ ಬಂದ ಚರ್ಮದ ಕೊಂಡಿಯನ್ನು ಕತ್ತರಿಸುವುದು ಇಪ್ಪತ್ತೈದನೇ ದಿನದ ಹೊತ್ತಿಗೆ. ಕತ್ತಿ ಹಿಡಿದ ಕೆಲಸ ಕೆಲವು ಗಂಟೆಯದು, ಕಾಯುವ ಕೆಲಸ ತಿಂಗಳದು. ಹಾಗಂತ ಕಾಚನ್ನು ಹಲ್ಲಿನ ಗಾಯಕ್ಕೆ ಮೆತ್ತಿಕೊಳ್ಳಬೇಡಿ! ನಾವು ತಗೋಬೇಕಾದ್ದು ಆ ತಾಳ್ಮೆಯನ್ನು.

ಆದರೆ ತಾಳ್ಮೆ ಅನ್ನೋದು ಬಾಯಿಮಾತಿಗೆ ಬರುವುದಿಲ್ಲ ಅಂತ ನಮಗೆ ಗೊತ್ತಿದೆ. ಮನೆಯಲ್ಲಿ ನಾಲ್ಕು ಜನ ಇದ್ದವರಿಗೆ ವಿಶ್ರಾಂತಿ ತಗೋ ಅಂದರೆ ತಗೊಳ್ಳುತ್ತಾರೆ. ಒಂಟಿ ಹೆಂಗಸು, ಮಕ್ಕಳು ಬೆಂಗಳೂರು ಸೇರಿದ ಮುದುಕ ದಂಪತಿ, ಇವರಿಗೆ ಹೇಳಿದರೆ ನಗುತ್ತಾರೆ. ಹಸು ಕೂಗುತ್ತಿರುವಾಗ ಹೆಪ್ಪಿನ ಯೋಚನೆ ಯಾರು ಮಾಡುತ್ತಾರೆ? ಹಾಗಾಗಿ ನಮ್ಮ ಭಾಷಣದ ಕೊನೆಯ ಮಾತು ಹಲ್ಲಿನದಲ್ಲ, ಸಂಘದ್ದು. ನಮ್ಮ ಹಿರಿಯರಲ್ಲಿ ಮುಯ್ಯಾಳು ಅನ್ನೋ ಪದ್ಧತಿ ಇತ್ತು. ನಾಟಿ ಕಾಲದಲ್ಲಿ, ಕೊಯ್ಲಿನ ಕಾಲದಲ್ಲಿ ನಿಮ್ಮ ಗದ್ದೆಗೆ ನಾವು, ನಮ್ಮ ಗದ್ದೆಗೆ ನೀವು. ದುಡ್ಡಿನ ಲೆಕ್ಕ ಇಲ್ಲ, ಆಳಿನ ಲೆಕ್ಕ. ಸಹಕಾರ ಸಂಘದ ಕಾನೂನು ಬರುವ ಮುಂಚೆ ನಮ್ಮ ಊರುಗಳಲ್ಲಿ ಇದ್ದ ಸಹಕಾರ ಅದು.

ಆ ಮುಯ್ಯನ್ನು ಕಾಯಿಲೆಗೂ ತರೋಣ ಅನ್ನೋದು ನಮ್ಮ ಸೂಚನೆ. ಹಲ್ಲು ತೆಗೆಸಲಿ, ಕಣ್ಣಿನ ಪೊರೆ ತೆಗೆಸಲಿ, ಯಾವ ಸದಸ್ಯರೇ ಆಗಲಿ ಹೋಗುವ ಹಿಂದಿನ ದಿನ ಹಾಲು ಅಳೆಯೋ ಜಾಗದಲ್ಲಿ ಒಂದು ಮಾತು ಹೇಳಲಿ. ಪಕ್ಕದ ಮನೆಯ ಇಬ್ಬರು ಸದಸ್ಯರು ಮೂರು ದಿನ ಹಸು ಕರೆದು ಕ್ಯಾನು ತಂದು ಹಾಕಲಿ, ಒಂದು ವಾರ ಮೇವಿನ ಹೊರೆ ಹೊರಲಿ. ಆ ಮನೆಯ ಹಾಲು ಅವರ ಪುಸ್ತಕಕ್ಕೇ ಬರೆಯೋಣ. ಅವರು ಸುಧಾರಿಸಿಕೊಂಡ ಮೇಲೆ ಅವರ ಸರದಿ. ಇದಕ್ಕೆ ಸಂಘದ ಬಂಡವಾಳ ಒಂದು ಪೈಸೆ ಬೇಕಾಗಿಲ್ಲ, ಠರಾವು ಕೂಡ ಬೇಕಾಗಿಲ್ಲ. ನಮ್ಮ ಬೀದಿಯಲ್ಲಿ ನಾವು ಮೂರು ಮನೆಯವರು ಈಗಾಗಲೇ ಮಾತಾಡಿಕೊಂಡಿದ್ದೇವೆ. ತಾವೂ ಬೀದಿ ಬೀದಿಯಲ್ಲಿ ಮಾತಾಡಿಕೊಳ್ಳಿ.

 ಹಲ್ಲು ಇರುವವರೂ, ತೆಗೆಸಿದವರೂ, ಕಟ್ಟಿಸಿಕೊಂಡವರೂ ಎಲ್ಲರೂ ಚೆನ್ನಾಗಿರಲಿ. 

ಜೈ ಸಹಕಾರ.